ಒಂದೇ ಸಲ ಕೇಳುವ ಊರು

ರೋಣದ ಕಡೆ ಹುಟ್ಟಿ ಬೆಳೆದವರು ‘ಒಲ್ಲೆ’ ಅಂದರೆ ಮಾತು ಮುಗಿಯಿತು ಎಂದು ತಿಳಿಯಬಾರದು, ಅದು ಈಗಷ್ಟೇ ಶುರುವಾಗಿರುತ್ತದೆ. ಚಹಾ ಕುಡಿಯಿರಿ ಎಂದರೆ ಒಲ್ಲೆ ಎನ್ನಬೇಕು. ಅವರು ‘ಅಯ್ಯ, ಹಂಗಂದ್ರ ಹ್ಯಾಂಗ್ರಿ’ ಎನ್ನಬೇಕು. ಇವರು ‘ಈಗ ಕುಡದ ಬಂದೇನ್ರಿ’ ಎಂದು ಒಂದು ಸುಳ್ಳು ಹೇಳಬೇಕು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿರುವುದರಿಂದ ಒಲೆಯ ಮೇಲೆ ಆಗಲೇ ನೀರು ಕಾಯುತ್ತಿರುತ್ತದೆ. ಕೇಳಿದ ಕೂಡಲೇ ಹೂಂ ಎನ್ನುವವರನ್ನು ಅಲ್ಲಿ ಯಾರೂ ಬೈಯುವುದಿಲ್ಲ. ಆದರೆ ಅವರು ಎದ್ದು ಹೋದ ಮೇಲೆ ‘ಪಾಪ, ಮನ್ಯಾಗ ಏನೂ ಇರಲಿಲ್ಲ ಕಾಣತೈತಿ’ ಎಂದು ಮರುಗುತ್ತಾರೆ. ಅಂಥ ಮರುಕ ಯಾರಿಗೆ ಬೇಕು?

ಶಂಕ್ರವ್ವ ಈ ವಿದ್ಯೆಯಲ್ಲಿ ಪಳಗಿದ ಹೆಂಗಸು. ಗಂಡ ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ, ಬಿಟಿಎಂ ಲೇಔಟಿನಲ್ಲಿ ಮಗಳು ಭಾಗ್ಯಜ್ಯೋತಿ ಬಾಡಿಗೆಗೆ ಹಿಡಿದಿದ್ದ ಮೂರನೆಯ ಮಹಡಿಯ ಮನೆಗೆ ಬಂದಿದ್ದಳು. ಬಂದು ಕೆಲವು ವರ್ಷಗಳೇ ಆಗಿದ್ದರೂ ಊರಿನ ನಡತೆಯನ್ನು ಊರಲ್ಲೇ ಬಿಟ್ಟು ಬಂದವಳಲ್ಲ. ಹಾಗಾಗಿ ಯುಗಾದಿಗೆ ಇನ್ನೊಂದು ವಾರವಿರುವಾಗ, ಮನೆ ಮಾಲೀಕ ತಿಮ್ಮರಾಯಪ್ಪ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲೇ ನಿಂತು ಕೇಳಿದಾಗ, ಅವಳ ಬಾಯಿಂದ ಬರಬೇಕಾದದ್ದೇ ಬಂತು.

“ಏನಮ್ಮ, ಕೆಳಗಡೆ ಟೈಲರ್ ಅಂಗಡಿ ಖಾಲಿ ಮಾಡ್ತಾವ್ನೆ. ನಿಮ್ ರೊಟ್ಟಿ ಕೆಲ್ಸಕ್ಕೆ ಸರಿಹೋಗುತ್ತೆ. ನೀವು ತಗೋತೀರಾ?”

ಶಂಕ್ರವ್ವನ ಜೀವ ಹಿಗ್ಗಿಹೋಯಿತು. ಹಿಗ್ಗಿದ್ದನ್ನು ತೋರಿಸಿಕೊಳ್ಳದೆ ಸೆರಗು ಸರಿಮಾಡಿಕೊಂಡಳು.

“ಅಯ್ಯ, ನಮಗ್ಯಾಕ್ರಿ ಸಾವ್ಕಾರ್ರ ಅಷ್ಟ ದೊಡ್ಡ ಅಂಗಡಿ. ಒಲ್ಲೆವ್ರಿ.”

“ಹೌದಾ. ಸರಿ ಬಿಡಮ್ಮ,” ಎಂದ ತಿಮ್ಮರಾಯಪ್ಪ ಕೆಳಗಿಳಿದು ಹೋದ.

ಶಂಕ್ರವ್ವ ಬಾಗಿಲು ಹಿಡಿದುಕೊಂಡು ನಿಂತೇ ಇದ್ದಳು. ಬಹುಶಃ ಯಾರೋ ಕರೆದಿರಬೇಕು, ಈಗ ತಿರುಗಿ ಬರುತ್ತಾನೆ ಅಂದುಕೊಂಡಳು. ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಚಹಾ ಕುದ್ದು, ಇಂಗಿ, ಕಪ್ಪಾಯಿತು, ಕೊನೆಗೆ ಅವಳೇ ಕುಡಿದಳು.

ಆ ಅಂಗಡಿ ಅವಳಿಗೆ ಬೇಡವಾಗಿತ್ತೇ? ಅದಿಲ್ಲದಿದ್ದರೆ ಅವಳ ಕೆಲಸವೇ ಉಳಿಯುತ್ತಿರಲಿಲ್ಲ. ಮಗಳು ಆಫೀಸಿಗೆ ಹೋದ ಮೇಲೆ ಹೊತ್ತು ಹೋಗದೆ, ಪಕ್ಕದ ಪಿಜಿಯಲ್ಲಿದ್ದ ವಿಜಯಪುರದ ಹುಡುಗಿಯರಿಗೆಂದು ನಾಲ್ಕು ಜೋಳದ ರೊಟ್ಟಿ ಬಡಿದು ಕೊಟ್ಟಿದ್ದೇ ನೆಪ. ಬಾಯಿಂದ ಬಾಯಿಗೆ ಸುದ್ದಿ ಹರಡಿ, ಈಗ ರಾಯಚೂರು, ಬಾಗಲಕೋಟೆ, ಕೊಪ್ಪಳದ ಹುಡುಗರೆಲ್ಲ ಅವಳ ಬಾಗಿಲಿಗೆ ಬರುತ್ತಿದ್ದರು. ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ ಎಂದು ಕೆಲಸ ಬೆಳೆದಿತ್ತು. ತನ್ನ ಕೈಗೆ ಇಷ್ಟು ಬೆಲೆಯಿದೆಯೆಂದು ಶಂಕ್ರವ್ವನಿಗೆ ಗೊತ್ತಾಗಿದ್ದೇ ಬೆಂಗಳೂರಿಗೆ ಬಂದ ಮೇಲೆ. ಆದರೆ ಜೋಳದ ರೊಟ್ಟಿ ಸುಮ್ಮನೆ ಆಗುವ ವಸ್ತುವಲ್ಲ, ಬಡಿಯಬೇಕು. ಕೆಳಗಿನ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಮಲಗುವ ಒಬ್ಬ ಹುಡುಗನಿದ್ದ. ಅವನ ನೆತ್ತಿಯ ಮೇಲೆ ದಿನಾ ಬೆಳಿಗ್ಗೆ ದಬದಬ. ಪಾಪ, ಎಷ್ಟು ದಿನ ತಡೆದಾನು? ಮಾಲೀಕರಿಗೆ ದೂರು ಕೊಟ್ಟ. ಈ ತಿಂಗಳು ಮುಗಿಯುವುದರೊಳಗೆ ಏನಾದರೂ ದಾರಿ ನೋಡಿಕೊಳ್ಳಿ ಎಂದು ತಿಮ್ಮರಾಯಪ್ಪ ಮೆತ್ತಗೆ ಹೇಳಿದ್ದ. ದೇವರು ದೊಡ್ಡವನು, ಅಷ್ಟರಲ್ಲೇ ಟೈಲರು ಸುಬ್ರಹ್ಮಣ್ಯಪುರದಲ್ಲಿ ಮಗನ ಅಂಗಡಿಯ ಜೊತೆ ಸೇರಿಕೊಳ್ಳುವುದಾಗಿ ಹೊರಟು ನಿಂತ. ಕೆಳಗೆ ನೆಲದ ಮೇಲೆ ಎಷ್ಟು ಬಡಿದರೂ ಯಾರ ನಿದ್ದೆಯೂ ಕೆಡುವುದಿಲ್ಲ. ಹೀಗೆ ತುತ್ತು ಕೈಗೆ ಬಂದಿತ್ತು.

ಸಂಜೆ ಭಾಗ್ಯಜ್ಯೋತಿ ಬಂದು ವಿಷಯ ಕೇಳಿ ಚಪ್ಪಲಿ ಬಿಡುವುದನ್ನೂ ಮರೆತಳು.

“ಒಲ್ಲೆ ಅಂದಿ? ಯವ್ವಾ, ನಿನಗ ಬುದ್ಧಿ ಐತೋ ಇಲ್ಲೋ?”

“ಕೇಳಿದ ಕೂಡ್ಲೆ ಹೂಂ ಅಂದ್ರ ಅವರೇನ ತಿಳ್ಕೋಬೇಕು? ಗಂಟು ಬಿದ್ದವರಂಗ.”

“ಇಲ್ಲಿ ಒಂದ ಸಲ ಕೇಳ್ತಾರ ಬೇ.”

“ಒಂದ ಸಲ ಕೇಳೂದು ಕೇಳೂದಲ್ಲ ತಗಿ. ನಮ್ಮೂರಾಗ ಎಮ್ಮಿ ಮಾರಾಕ ಬಂದವನೂ ಮೂರು ಸಲ ಕೇಳ್ತಾನ. ಇದು ಅಂಗಡಿ. ನಾಳೆ ಬರ್ತಾರ ನೋಡು.”

“ನಾನ ಹೋಗಿ ಹೇಳ್ತೀನಿ. ಅಳದಿದ್ರ ಅವ್ವನೂ ಹಾಲು ಕೊಡೂದಿಲ್ಲ.”

“ಹೋದ್ರ ನನ್ನ ಮ್ಯಾಲಾಣಿ,” ಎಂದು ಶಂಕ್ರವ್ವ ಕಣ್ಣು ಬಿಟ್ಟಳು. “ನಾವಾಗೇ ಹೋಗಿ ಬೇಕು ಅನ್ನೂದೂ ಒಂದ, ಕೈಯೊಡ್ಡಿ ಬೇಡೂದೂ ಒಂದ.”

ನಾಳೆ ಬಂತು, ತಿಮ್ಮರಾಯಪ್ಪ ಬರಲಿಲ್ಲ. ನಾಡಿದ್ದೂ ಬರಲಿಲ್ಲ. ಮೆಟ್ಟಿಲ ಮೇಲೆ ಎದುರಾದರೆ ‘ಊಟ ಆಯ್ತಾ’ ಎಂದಷ್ಟೇ ಕೇಳಿ ಇನ್ನಷ್ಟು ಮರ್ಯಾದೆಯಿಂದ ಗೋಡೆಗೆ ಸರಿದು ದಾರಿ ಬಿಡುತ್ತಿದ್ದ. ಆ ಮರ್ಯಾದೆ ನೋಡಿ ಶಂಕ್ರವ್ವನಿಗೆ ಮೈ ಉರಿಯುತ್ತಿತ್ತು. ಹಾಗಾದರೆ ಅವನು ಮನಸ್ಸಿನಿಂದ ಕೇಳಿದ್ದಲ್ಲ, ಬಾಯಿಮಾತಿಗೆ ಕೇಳಿದ್ದು ಎಂದು ತೀರ್ಮಾನಿಸಿದಳು.

ಯುಗಾದಿಯ ದಿನ ತಿಮ್ಮರಾಯಪ್ಪನ ಹೆಂಡತಿ ಮರಿಯಮ್ಮ ತಾಯಿ ಮಗಳಿಬ್ಬರನ್ನೂ ಊಟಕ್ಕೆ ಕರೆದಳು. ಬಂಗಾರದಂಥ ಹೆಂಗಸು. ಈ ಕಟ್ಟಡ ನಿಂತಿರುವ ಜಾಗದಲ್ಲೇ ಒಂದು ಕಾಲಕ್ಕೆ ಅತ್ತೆಯ ಜೊತೆ ಅವರೆಕಾಯಿ ಬಿಡಿಸಿದವಳು, ಈಗಲೂ ತಾರಸಿಯ ಕುಂಡಗಳಲ್ಲಿ ಏನಾದರೊಂದು ಬೆಳೆಯುತ್ತಾಳೆ. ‘ಶಂಕ್ರವ್ವ’ ಎನ್ನುವುದು ಅವಳ ನಾಲಿಗೆಗೆ ಸರಿಬರದೆ ಮೊದಲ ದಿನದಿಂದಲೂ ‘ಶಂಕ್ರಮ್ಮ’ ಎಂದೇ ಕರೆಯುತ್ತಿದ್ದಳು. ಹೋದ ಕೂಡಲೇ ಅಂಗೈಗೆ ಬೇವು ಬೆಲ್ಲ ಹಾಕಿದಳು. ಲೋಟದಲ್ಲಿ ಕುಡಿಯುವ ಬೇವು ಕಂಡು ಬೆಳೆದ ಶಂಕ್ರವ್ವ ‘ಇರಲಿ, ಹತ್ತಾರು ಊರು ಹತ್ತಾರು ನೀರು’ ಎಂದು ಅದನ್ನು ಬಾಯಿಗೆ ಹಾಕಿಕೊಂಡಳು.

ಎಲೆಗೆ ಒಬ್ಬಟ್ಟು ಬಂತು. ಶಂಕ್ರವ್ವ ಒಂದು ತಿಂದಳು. ಮರಿಯಮ್ಮ ಇನ್ನೊಂದು ಹಿಡಿದುಕೊಂಡು ಬಂದಳು. ಶಂಕ್ರವ್ವ ಪದ್ಧತಿಯಂತೆ ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದು “ಸಾಕ್ರಿ ಅಕ್ಕಾರ, ಒಲ್ಲೆ” ಎಂದಳು. ಎಲೆಗೆ ಕೈ ಅಡ್ಡ ಹಿಡಿಯುವುದು ಉಣ್ಣುವವರ ಮರ್ಯಾದೆ. ಆ ಕೈಯನ್ನು ಸರಿಸಿಯೋ, ಬೆರಳ ಸಂದಿನಿಂದಲೋ, ಕಡೆಗೆ ಕೈಯ ಮೇಲೆಯೋ ಬಡಿಸುವುದು ಬಡಿಸುವವರ ಮರ್ಯಾದೆ. ಮರಿಯಮ್ಮ “ಸರಿ” ಎಂದು ಪಕ್ಕದ ಎಲೆಗೆ ಹೋದಳು. ಆ ಎಲೆಯಲ್ಲಿ ಕೂತಿದ್ದ ಭಾಗ್ಯಜ್ಯೋತಿ “ಹಾಕ್ರಿ ಆಂಟಿ, ಎರಡು ಹಾಕ್ರಿ” ಎಂದು ಅವ್ವನ ಕಡೆ ಓರೆಗಣ್ಣಲ್ಲಿ ನೋಡಿ ನಕ್ಕಳು. ಶಂಕ್ರವ್ವ ಎಲೆಗೆ ಅಡ್ಡ ಇಟ್ಟಿದ್ದ ಕೈಯನ್ನು ಹೇಗೆ ತೆಗೆಯುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೆಯೇ ಇದ್ದಳು. ಅನ್ನ, ಸಾರು, ಕೋಸಂಬರಿ ಎಲ್ಲಕ್ಕೂ ಇದೇ ಕತೆಯಾಯಿತು. ಹಬ್ಬದ ಮನೆಯಿಂದ ಅರೆಹೊಟ್ಟೆಯಲ್ಲಿ ಎದ್ದದ್ದು ಅವಳ ಜನ್ಮದಲ್ಲಿ ಅದೇ ಮೊದಲು.

ಕೈ ತೊಳೆಯುವಾಗ ತಿಮ್ಮರಾಯಪ್ಪ ಎದುರು ಬಂದ. ಈಗಲಾದರೂ ಅಂಗಡಿಯ ಮಾತು ಎತ್ತುತ್ತಾನೆ ಎಂದು ಅವಳು ಬೇಕೆಂದೇ ನಿಧಾನವಾಗಿ ಕೈ ಒರೆಸಿಕೊಂಡಳು. ಅವನು ಬೇಸಿಗೆಯ ನೀರಿನ ವಿಷಯ ಮಾತಾಡಿದ.

ಕರೆದವರನ್ನು ತಿರುಗಿ ಕರೆಯದಿದ್ದರೆ ಆಗುತ್ತದೆಯೇ? ಮುಂದಿನ ವಾರ ಶಂಕ್ರವ್ವ ಮರಿಯಮ್ಮನನ್ನು ಮೇಲೆ ಕರೆದು ಕೂರಿಸಿದಳು. ಬಡಿಸುವುದೆಂದರೆ ಏನೆಂದು ತೋರಿಸಿಯೇ ಬಿಡುತ್ತೇನೆ ಎಂಬ ಸಣ್ಣ ಹಟವೂ ಇತ್ತು, ಇರಲಿಲ್ಲ ಎನ್ನುವುದು ಸುಳ್ಳು. ಒಂದು ರೊಟ್ಟಿಯಾಯಿತು. ಮರಿಯಮ್ಮ ಸಾಕು ಎಂದಳು. ಎರಡನೆಯದು ಬಿತ್ತು. ಬೇಡ ಎಂದಳು. ಅದರ ಮೇಲೆ ಬೆಣ್ಣೆ ಬಿತ್ತು. ಖಂಡಿತ ಬೇಡ ಎಂದಾಗ “ಹಂಗಂದ್ರ ಹ್ಯಾಂಗ್ರಿ, ನನ್ನ ಮ್ಯಾಲ ಸಿಟ್ಟೇನು” ಎಂದು ಇನ್ನೊಂದು ಎಣ್ಣೆಗಾಯಿ ಬಿತ್ತು. ಸಂಕಟದಲ್ಲಿ ಅದನ್ನೂ ತಿಂದ ಮರಿಯಮ್ಮ, ಮೂರನೆಯ ರೊಟ್ಟಿ ಕಂಡದ್ದೇ ತಟ್ಟೆಯನ್ನು ಎತ್ತಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಕಣ್ಣಲ್ಲಿ ನೀರೇ ಬಂದಿತ್ತು.

“ಶಂಕ್ರಮ್ಮ, ನಾನು ಬೇಡ ಅಂದ್ರೆ ನಿಮ್ಗೆ ಕೇಳ್ಸಲ್ವಾ? ನಂಗೆ ಶುಗರ್ ಬೇರೆ ಇದೆ. ನೀವು ಹಿಂಗೆ ಮಾಡ್ತೀರಾ ಅಂತಾನೆ ನಾನು ಮೇಲೆ ಬರೋಕೆ ಹೆದ್ರೋದು.”

ಶಂಕ್ರವ್ವನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. “ಅಯ್ಯ, ನೀವು ಖರೇನ ಒಲ್ಲೆ ಅಂದ್ರೇನ್ರಿ?”

“ಇನ್ನೇನು ಸುಳ್ಳು ಹೇಳ್ತಾರಾ? ನಮ್ಮಲ್ಲಿ ಬೇಡ ಅಂದವ್ರನ್ನ ಮತ್ತೆ ಕೇಳಿದ್ರೆ ಅವ್ರ ಮಾತಿಗೆ ಬೆಲೆ ಕೊಡ್ಲಿಲ್ಲ ಅಂತ ಆಗುತ್ತೆ.”

“ನಮ್ಮಲ್ಲಿ ಒಂದ ಸಲ ಕೇಳಿ ಬಿಟ್ರ, ಕೊಡೂ ಮನಸ ಇರಲಿಲ್ಲ ಅಂತ ಆಗತೈತ್ರಿ.”

ಮರಿಯಮ್ಮ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಂದು ನೆಲಕ್ಕಿಟ್ಟಳು.

“ಹಂಗಾದ್ರೆ ಅವತ್ತು ಒಬ್ಬಟ್ಟು?”

“ಇನ್ನೂ ಮೂರು ತಿಂತಿದ್ದೇನ್ರಿ.”

“ಅಯ್ಯೋ ನನ್ನ ಕರ್ಮವೇ,” ಎಂದು ಮರಿಯಮ್ಮ ಹಣೆ ಹಣೆ ಬಡಿದುಕೊಂಡು ನಕ್ಕಳು. ನಗುವಿನ ನಡುವೆ ಏನೋ ಹೊಳೆದಂತಾಗಿ ನಿಲ್ಲಿಸಿದಳು. “ಮತ್ತೆ ಅಂಗಡಿ?”

ಶಂಕ್ರವ್ವ ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಸೆರಗು ಸರಿಮಾಡಿಕೊಂಡಳು. ಮರಿಯಮ್ಮನಿಗೆ ಅಷ್ಟು ಸಾಕಾಯಿತು.

“ನಮ್ಮನೆಯವ್ರು ಕೆಳಗೆ ಬಂದು ಏನಂದ್ರು ಗೊತ್ತಾ? ‘ಆಯಮ್ಮ ಬೇಡ ಅಂದ್ರು, ಇನ್ನು ಎರಡನೇ ಸಲ ಕೇಳಿದ್ರೆ ಬಾಡ್ಗೆ ಆಸೆಗೆ ಬಲವಂತ ಮಾಡ್ದಂಗೆ ಆಗುತ್ತೆ’ ಅಂದ್ರು. ಗುರಪ್ಪನಪಾಳ್ಯದ ಮಹೇಶ ಅಂತ ಒಬ್ಬ ಹಾಲಿನ ಅಂಗಡಿ ಇಡ್ತೀನಿ ಅಂತಿದಾನೆ. ನಾಳೆ ಬೆಳಿಗ್ಗೆ ನೋಡ್ಕೊಂಡು ಮಾತು ಮುಗಿಸ್ತೀನಿ ಅಂದವ್ನೆ.”

“ನೀವ ಒಂದು ಮಾತು ಹೇಳ್ರಿ ಅಕ್ಕಾರ.”

“ನಾನು ಹೇಳಿದ್ರೆ ‘ನೋಡೋಣ’ ಅಂತಾರೆ.”

“ಅಂದ್ರ ಆತಲ್ರಿ?”

“ಎಲ್ಲಿ ಆಯ್ತು? ಆ ಮನುಷ್ಯನ ಬಾಯಲ್ಲಿ ನೋಡೋಣ ಅಂದ್ರೆ ಇಲ್ಲ ಅಂತ. ಇಲ್ಲ ಅನ್ನೋಕೆ ಅವ್ರ ವಂಶದಲ್ಲೇ ಯಾರಿಗೂ ಬರಲ್ಲ. ನಮ್ಮ ಮಾವ ಲೇಔಟಿಗೆ ಜಮೀನು ಕೇಳೋಕೆ ಬಂದವ್ರಿಗೂ ನೋಡೋಣ ಅಂದಿದ್ರಂತೆ. ಅವ್ರು ನೋಡ್ಲಿಲ್ಲ, ಕಲ್ಲು ನೆಟ್ಟು ಹೋದ್ರು. ನೀವೇ ಬಂದು ಬಾಯಿಬಿಟ್ಟು ಕೇಳಿ ಶಂಕ್ರಮ್ಮ. ಬೇಕು ಅಂತ ಹೇಳಿ, ಸಾಕು.”

ಸಾಕಂತೆ. ಹೇಳುವವರಿಗೇನು ಕಷ್ಟ? ಆ ರಾತ್ರಿ ಶಂಕ್ರವ್ವ ನೆನಪಿನ ಮೂಲೆಮೂಲೆ ತಡಕಾಡಿದಳು. ‘ನನಗೆ ಬೇಕು’ ಎಂದು ಯಾರ ಮುಂದಾದರೂ ಎಂದಾದರೂ ಹೇಳಿದ್ದು ಒಂದೂ ಸಿಗಲಿಲ್ಲ. ಸೀರೆ ತರಲೇ ಎಂದರೆ ಇದ್ದವ ಅದಾವಲ್ಲ ಎಂದಿದ್ದಳು. ಗಂಡು ಒಪ್ಪಿಗೆಯೇ ಎಂದರೆ ನೀವು ಹೇಳಿದಂಗ ಎಂದಿದ್ದಳು. ಗಂಡ ಒಳ್ಳೆಯವನು, ಎಲ್ಲವನ್ನೂ ಎರಡು ಮೂರು ಸಲ ಕೇಳಿ ತಂದುಕೊಡುತ್ತಿದ್ದ. ಅದರಿಂದಲೇ ಈ ಚಾಳಿ ಗಟ್ಟಿಯಾಯಿತೋ ಏನೋ.

ಬೆಳಿಗ್ಗೆ ಭಾಗ್ಯಜ್ಯೋತಿ ಎದುರು ನಿಂತು ಅಭ್ಯಾಸ ಮಾಡಿಸಿದಳು. “ಅನ್ನು, ಬೇಕು.” “ನಿಮಗ ಅಡಚಣಿ ಇಲ್ಲಂದ್ರ...” “ಅಡಚಣಿ ಬ್ಯಾಡ. ಬೇಕು ಅಷ್ಟ.” ಶಂಕ್ರವ್ವ ಅರ್ಧಕ್ಕೇ ಬಿಟ್ಟು, ಸೆರಗು ಹೊದ್ದು, ಮೆಟ್ಟಿಲಿಳಿದಳು.

ಅಂಗಡಿಯ ಶಟರು ಮೇಲಕ್ಕಿತ್ತು. ಮಹೇಶ ಫ್ರಿಜ್ಜಿಗೆ ಜಾಗ ಸಾಲುತ್ತದೆಯೇ ಎಂದು ಗೋಡೆಗೆ ಟೇಪು ಹಿಡಿದು ಅಳೆಯುತ್ತಿದ್ದ. ತಿಮ್ಮರಾಯಪ್ಪ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹೊಸಿಲ ಬಳಿ ಕೂತಿದ್ದ. ಬಾಡಿಗೆಯವರು ಬೆಳಿಗ್ಗೆ ಬೆಳಿಗ್ಗೆ ಕೆಳಗಿಳಿದು ಬಂದರೆ ಒಂದೇ ಕಾರಣ ಎಂಬುದು ಅವನಿಗೆ ರೂಢಿಯಿಂದ ಗೊತ್ತಿತ್ತು.

“ಏನಮ್ಮ, ನೀರು ಬರ್ತಿಲ್ವಾ?”

“ನೀರು ಬರಾಕತ್ತಾವ್ರಿ.” ಶಂಕ್ರವ್ವನ ಕಾಲು ತಿರುಗಿ ಮೆಟ್ಟಿಲ ಕಡೆ ಹೊರಟಿತ್ತು, ಹಿಡಿದು ನಿಲ್ಲಿಸಿದಳು. “ಸಾವ್ಕಾರ್ರ, ಈ ಅಂಗಡಿ ನನಗ ಬೇಕ್ರಿ.”

ಟೇಪು ಅಲ್ಲೇ ನಿಂತಿತು.

“ಅವತ್ತು ಬೇಡ ಅಂದ್ರಲ್ಲಮ್ಮ.”

“ಅಂದೇನ್ರಿ. ಮರ್ಯಾದಿಗೆ ಅಂದೆ. ನೀವು ಇನ್ನೊಮ್ಮೆ ಕೇಳ್ತೀರಿ ಅಂತ ಅಂದೆ.”

ತಿಮ್ಮರಾಯಪ್ಪ ಅವಳನ್ನು ನೋಡಿದ, ಮಹೇಶನನ್ನು ನೋಡಿದ, ರಸ್ತೆಯಲ್ಲಿ ಹೋಗುತ್ತಿದ್ದ ಸೊಪ್ಪಿನ ಗಾಡಿಯನ್ನೂ ನೋಡಿದ. ಯಾರೂ ನೆರವಿಗೆ ಬರಲಿಲ್ಲ.

“ನೋಡೋಣ ಬಿಡಮ್ಮ,” ಎಂದ.

ನಿನ್ನೆಯ ಶಂಕ್ರವ್ವನಾಗಿದ್ದರೆ ಇಷ್ಟಕ್ಕೇ ಮೇಲೆ ಹೋಗಿ ದೇವರಿಗೆ ದೀಪ ಹಚ್ಚುತ್ತಿದ್ದಳು. ಈಗ ನಿಂತಲ್ಲಿಂದ ಕದಲಲಿಲ್ಲ.

“ನೋಡೋಣ ಬ್ಯಾಡ್ರಿ. ಇಲ್ಲಂದ್ರ ಇಲ್ಲ ಅನ್ರಿ, ನಾ ಏನೂ ತಿಳ್ಕೊಳ್ಳೂದಿಲ್ಲ. ನನಗ ಬೇಕು ಅನ್ನಾಕ ತಲಿ ಹಣ್ಣಾಗೂತನಕ ಬೇಕಾತು. ಅಂದೀನಿ ಈಗ. ನೀವೂ ನೆಟ್ಟಗ ಒಂದು ಮಾತು ಹೇಳ್ರಿ.”

ಇದನ್ನು ಅವಳು ಜಗಳಕ್ಕೆ ಹೇಳಲಿಲ್ಲ. ಸೆರಗಿನ ತುದಿ ಮುಷ್ಟಿಯಲ್ಲಿ ಮುದ್ದೆಯಾಗಿತ್ತು. ತಿಮ್ಮರಾಯಪ್ಪ ಬಾಯಿ ತೆರೆದ. ‘ಇ’ ಎನ್ನುವವರೆಗೆ ಬಂತು, ಮುಂದಿನದು ಹೊರಡಲಿಲ್ಲ. ಮನೆಯ ಬಾಗಿಲಲ್ಲಿ ಪೊರಕೆ ಹಿಡಿದು ಗುಡಿಸುವ ನೆಪದಲ್ಲಿ ನಿಂತಿದ್ದ ಮರಿಯಮ್ಮ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು.

ಕೊನೆಗೆ ಅವನು ಕುರ್ಚಿಯಲ್ಲೇ ಆ ಕಡೆ ತಿರುಗಿದ.

“ಲೋ ಮಹೇಶ, ನಿನ್ ಅಂಗಡಿ ವಿಷ್ಯ... ನೋಡೋಣ ಕಣೋ.”

ಮಹೇಶ ಹುಟ್ಟಿದ್ದು ಬೆಳೆದದ್ದು ಇದೇ ಸೀಮೆಯಲ್ಲಿ. ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಟೇಪನ್ನು ಸುತ್ತಿ ಜೇಬಿಗಿಟ್ಟುಕೊಂಡ. “ಗೊತ್ತಾಯ್ತು ಬಿಡಣ್ಣ. ತಾವರೆಕೆರೆ ಮೇನ್ ರೋಡಲ್ಲಿ ಇನ್ನೊಂದು ನೋಡಿಟ್ಟಿದೀನಿ, ಅದನ್ನೇ ಮಾಡ್ಕೋತೀನಿ.” ಹೋಗುವಾಗ ಶಂಕ್ರವ್ವನ ಕಡೆ ತಿರುಗಿ, “ರೊಟ್ಟಿ ಅಂಗಡಿ ಓಪನ್ ಆದ್ಮೇಲೆ ಒಂದು ಪಾರ್ಸಲ್ ಕಟ್ಟಿಡಿ ಆಂಟಿ” ಎಂದು ಸ್ಕೂಟರ್ ಹತ್ತಿದ.

ತಿಮ್ಮರಾಯಪ್ಪ ಶಟರಿನ ಬೀಗದ ಕೈಯನ್ನು ತೆಗೆದು ಅವಳ ಮುಂದೆ ಹಿಡಿದ. ಶಂಕ್ರವ್ವನ ಬಾಯಿಗೆ ‘ಇರಲಿ ಬಿಡ್ರಿ, ಏನ ಅವಸರ’ ಎನ್ನುವುದು ತಾನಾಗಿ ಬಂದಿತ್ತು. ನುಂಗಿಕೊಂಡು ಎರಡೂ ಕೈ ಚಾಚಿ ಇಸಿದುಕೊಂಡಳು. ಮರಿಯಮ್ಮ ಬಾಗಿಲಲ್ಲೇ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಮೇಲೆ ಭಾಗ್ಯಜ್ಯೋತಿ ಆಫೀಸಿಗೆ ಹೊರಟು, ಬಾಚಣಿಗೆ ಕೈಯಲ್ಲಿ ಹಿಡಿದೇ ಕಾಯುತ್ತಿದ್ದಳು. ಅವ್ವನ ಕೈಯಲ್ಲಿದ್ದ ಬೀಗದ ಕೈ ಕಂಡು “ಆತೇನ ಬೇ? ಅಂದಿಯೇನ?” ಎಂದು ಕುಣಿಯುವುದೊಂದು ಬಾಕಿ.

“ಅಂದೆ,” ಎಂದಳು ಶಂಕ್ರವ್ವ. ಹೇಳಿದವಳು ಅಡುಗೆಮನೆಯ ಹೊಸಿಲ ಮೇಲೆ ಹಾಗೇ ಕುಸಿದು ಕೂತು ಅಳತೊಡಗಿದಳು. ಮಗಳು ಗಾಬರಿಯಾದಳು. ಖುಷಿಯ ಅಳು ಹೀಗಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ಯಾಕವ್ವ? ಅಂಗಡಿ ಸಿಕ್ಕೈತಲ್ಲ. ಈಗ್ಯಾಕ ಅಳ್ತಿ?”

ಶಂಕ್ರವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

“ಸಾಲ್ಯಾಗ ಏಳನೆತ್ತೆ ಮುಗಿದಾಗ ನಮ್ಮಪ್ಪ ಕೇಳಿದ್ದ. ಗಜೇಂದ್ರಗಡದ ಹೈಸ್ಕೂಲಿಗೆ ಹೆಸರು ಹಚ್ಚಲೇನವ್ವ, ಹೋಗ್ತಿಯೇನು ಅಂತ. ನಾ ಒಲ್ಲೆ ಅಂದೆ.”

ಇದುವರೆಗೆ ಭಾಗ್ಯಜ್ಯೋತಿಗೆ ಗೊತ್ತಿದ್ದದ್ದು ಬೇರೆ. ಅವ್ವನಿಗೆ ಓದು ಹತ್ತಲಿಲ್ಲ, ತಾನೇ ಶಾಲೆ ಬಿಟ್ಟಳು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅವಳು ಬಾಚಣಿಗೆ ಕೆಳಗಿಟ್ಟು ಪಕ್ಕದಲ್ಲಿ ಕೂತಳು.

“ಯಾಕ ಒಲ್ಲೆ ಅಂದಿ?”

“ಇನ್ನೊಮ್ಮೆ ಕೇಳ್ತಾನ ಅಂತ.”